ಸಂಖ್ಯಾಶಾಸ್ತ್ರ: ಮೇಲಿನಿಂದ ಇಳಿದು ಬಂದ ಪಾಠಕ್ರಮ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮಂಗಳೂರಿನ ಪದವಿಪೂರ್ವ ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ. ವಾಣಿಜ್ಯ ವಿಭಾಗ ಸೇರುವ ಹಲವರು ಲೆಕ್ಕಶಾಸ್ತ್ರ, ಅರ್ಥಶಾಸ್ತ್ರಗಳ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಳ್ಳುತ್ತಾರೆ. ಅದಕ್ಕೆ ಗಣಿತ ಕಡ್ಡಾಯವಲ್ಲ. ಅಂಕಗಳೂ ಚೆನ್ನಾಗಿ ಬರುತ್ತವೆ. ಮುಂದೆ ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಹುಟ್ಟಿದಾಗ, ಪದವಿಯಲ್ಲಿ ಗಣಿತ ಓದಿಲ್ಲವೆಂಬುದು ಅಡ್ಡ ಬರುತ್ತದೆ. ಈ ತೊಡಕಿನ ಹಿಂದೆ ಒಂದು ಇತಿಹಾಸವಿದೆ.

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾದಾಗ ಭಾರತದ ಯಾವ ವಿಶ್ವವಿದ್ಯಾನಿಲಯದಲ್ಲೂ ಸಂಖ್ಯಾಶಾಸ್ತ್ರದ ಪದವಿ ಇರಲಿಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕ ಪಿ. ಸಿ. ಮಹಾಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಹತ್ತು ವರ್ಷಗಳ ನಂತರ, 1941ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾನಿಲಯ ಈ ವಿಷಯದಲ್ಲಿ ಎಂ.ಎ. ತರಗತಿ ತೆರೆಯಿತು. ಅಂದರೆ ಮೊದಲು ಬಂದದ್ದು ಸ್ನಾತಕೋತ್ತರ ಪದವಿ!

ಆ ಮೊದಲ ತಂಡದಲ್ಲಿದ್ದವರು ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿಯೇ ಅವರು ಕಲ್ಕತ್ತೆಗೆ ಹೋಗಿದ್ದು. 1943ರಲ್ಲಿ ಎರಡನೆಯ ಎಂ.ಎ. ಪಡೆದು, ಅಲ್ಲಿಯೇ ಪಾಠ ಹೇಳತೊಡಗಿದರು. ಒಮ್ಮೆ ತರಗತಿಯಲ್ಲಿ, ಮಾದರಿಯ ಗಾತ್ರ ಬಹಳ ದೊಡ್ಡದಾದಾಗ ಅನ್ವಯಿಸುವ ಫಿಶರ್ ಅವರ ಫಲಿತಾಂಶವನ್ನು ವಿವರಿಸುತ್ತಿದ್ದರು. ಸಣ್ಣ ಮಾದರಿಗೂ ಅಂಥದೊಂದನ್ನು ಸಾಧಿಸಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ರಾವ್ ಆ ರಾತ್ರಿಯೇ ಕುಳಿತು ಸಾಧಿಸಿದರು. 1945ರಲ್ಲಿ ಪ್ರಕಟವಾದ ಅದು ಇಂದು ಕ್ರಾಮೇರ್–ರಾವ್ ಅಸಮತೆ ಎಂದು ಪ್ರಸಿದ್ಧ. ಪಕ್ಷಪಾತವಿಲ್ಲದ ಯಾವ ಅಂದಾಜಿನ ಚದುರುವಿಕೆಯೂ ಒಂದು ಮಿತಿಗಿಂತ ಕೆಳಗಿಳಿಯಲಾರದು ಎಂಬುದು ಅದರ ಸಾರ. ಅಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಯೂ ಸಿಗಬೇಕು, ಅನ್ನಿ.

ಪದವಿ ಮಟ್ಟದ ಪಾಠ ನಂತರ ಬಂತು. 1959ರ ಕಾಯಿದೆಯಿಂದ ಪದವಿ ನೀಡುವ ಅಧಿಕಾರ ದೊರೆತಾಗ, ಮಹಾಲನೋಬಿಸರ ಸಂಸ್ಥೆ 1960ರಲ್ಲಿ ಬಿ.ಸ್ಟ್ಯಾಟ್. ಮತ್ತು ಎಂ.ಸ್ಟ್ಯಾಟ್. ಆರಂಭಿಸಿತು. ಕರಾವಳಿಯಲ್ಲಿ ಕೊಣಾಜೆಗೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಬಂದದ್ದು 1968ರಲ್ಲಿ. ಅದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಸಂಖ್ಯಾಶಾಸ್ತ್ರ ವಿಭಾಗ ಇಂದು ಅಲ್ಲಿದೆ.

ಹೀಗೆ ಗಣಿತ ಬಲ್ಲವರಿಗೆಂದು ಹುಟ್ಟಿದ ಶಾಸ್ತ್ರ, ಕೆಳಗಿಳಿಯುತ್ತ ಗಣಿತವನ್ನು ಕಳಚುತ್ತ ಬಂತು. ಸರಾಸರಿಯನ್ನೇ ನೋಡಿ. ಪಿಯುಸಿಯಲ್ಲಿ ಕೂಡಿ ಭಾಗಿಸಿದರೆ ಆಯಿತು. ವಿಚಲನೆಗಳ ವರ್ಗಗಳ ಮೊತ್ತ ಕನಿಷ್ಠವಾಗುವುದು ಸರಾಸರಿಯಿಂದ ಅಳೆದಾಗಲೇ ಎಂದು ಬಿ.ಎಸ್ಸಿ.ಯಲ್ಲಿ ತೋರಿಸಲು ಕಲನಶಾಸ್ತ್ರ ನೆರವಾಗುತ್ತದೆ. ಹಲವು ಚರಗಳು ಸೇರಿದರೆ ಮಾತೃಕೆಗಳು ಬೇಕು. ಎಂ.ಎಸ್ಸಿ.ಯಲ್ಲಿ ರಾವ್ ಅವರ ಅಸಮತೆಗೆ ಬಂದಾಗ ಅನುಕಲದೊಳಗೆ ಅವಕಲಿಸುವುದು ಬರಬೇಕು. ಆದುದರಿಂದ ಮೊದಲು ಕಲನ ಮತ್ತು ಮಾತೃಕೆ, ಬಳಿಕ ಸಂಭವನೀಯತೆ, ಆಮೇಲೆ ಅಂದಾಜು ಮತ್ತು ಪರಿಕಲ್ಪನೆಗಳ ಪರೀಕ್ಷೆ; ಈ ಸರದಿ ತಪ್ಪಿದರೆ ಸೂತ್ರಗಳ ಬಾಯಿಪಾಠವಷ್ಟೇ ಉಳಿಯುತ್ತದೆ.

ಪದವಿಯ ಚೌಕಟ್ಟು ಬದಲಾಗುತ್ತಲೇ ಇದೆ. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಎಂ.ಎಸ್ಸಿ.ಗೆ ಗಣಿತ ಬೇಕೆಂಬುದು ಮಾತ್ರ ಬದಲಾಗಿಲ್ಲ. ವಾಣಿಜ್ಯದವರಿಗಿರುವ ‘ಮೂಲ ಗಣಿತ’ ವಿಜ್ಞಾನ ವಿಭಾಗದ ಗಣಿತಕ್ಕೆ ಸಮವಲ್ಲ. ಇದನ್ನು ಮಕ್ಕಳಿಗೆ ಹೇಳಬೇಕಾದದ್ದು ಹತ್ತನೆಯ ತರಗತಿಯ ಗಣಿತದ ಮೇಷ್ಟ್ರು, ಪ್ರವೇಶದ ಅರ್ಜಿ ತುಂಬುವ ಮೊದಲೇ.