ಸೈಕಲ್ ಎಂದರೆ ಯಾವುದು?

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ 'ರೋವರ್' ಎಂಬ ಸೈಕಲ್ ಹೊರತಂದ. ಹೆಚ್ಚುಕಡಿಮೆ ಸಮ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು, ನಡುವೆ ಸೀಟು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಕೊಟ್ಟ. ಹಾಲಿನ ಕ್ಯಾನು ನೇತುಹಾಕಿಕೊಂಡು ನಮ್ಮ ಬೀದಿಗೆ ಬರುವ ಸೈಕಲ್ಲಿನ ಮೈಕಟ್ಟು ಇಂದಿಗೂ ಬಹುಪಾಲು ಅದೇ. ಈ ಆಕಾರದ ಕಾಲ ಮುಗಿಯಿತು ಎಂದು ಭವಿಷ್ಯ ನುಡಿದವರು ಮಾತ್ರ ಎಲ್ಲ ತಲೆಮಾರಿನಲ್ಲೂ ಇದ್ದರು. ಅವರಲ್ಲಿ ಅತಿ ಹತ್ತಿರ ಬಂದು ಸೋತವನು ಫ್ರಾನ್ಸಿನ ಶಾರ್ಲ್ ಮೊಶೆ.

ಮೊಶೆ ಮೊದಲು ತನ್ನ ಮಗನಿಗಾಗಿ ಪೆಡಲ್ ತುಳಿಯುವ ಪುಟ್ಟ ಕಾರು ಮಾಡಿದ. ಆಮೇಲೆ ದೊಡ್ಡವರಿಗೂ ನಾಲ್ಕು ಚಕ್ರದ 'ವೆಲೋಕಾರ್' ಮಾಡಿದ. ಅದನ್ನೇ ಎರಡು ಚಕ್ರಕ್ಕೆ ಇಳಿಸಿದಾಗ ವಿಚಿತ್ರವಾದ ಸೈಕಲ್ಲೊಂದು ಹುಟ್ಟಿತು. ಸವಾರ ಆರಾಮಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ನೋಡಿದವರಿಗೆ ನಗು ಬರುವಂಥದ್ದು. ಆದರೆ ಅದರ ಗುಟ್ಟು ಸರಳ: ಸೈಕಲ್ ವೇಗವಾಗಿ ಹೋಗುವಾಗ ಸವಾರನ ಶ್ರಮದ ದೊಡ್ಡ ಪಾಲು ಎದುರುಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಒರಗಿ ಕುಳಿತವನ ಮೈ ಗಾಳಿಗೆ ಕಡಿಮೆ ಸಿಗುತ್ತದೆ.

1933ರ ಜುಲೈ 7ರಂದು ಪ್ಯಾರಿಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೆಯ ದರ್ಜೆಯ ಸವಾರ ಈ ಗಾಡಿ ಏರಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿದ. 1914ರಿಂದ ಯಾರೂ ಮುಟ್ಟದೆ ಉಳಿದಿದ್ದ ಆಸ್ಕರ್ ಎಗ್‌ನ 44.247 ಕಿ.ಮೀ. ದಾಖಲೆ ಮುರಿದುಬಿತ್ತು. ಈಗ ಹುಟ್ಟಿದ್ದು ಕಠಿಣ ಪ್ರಶ್ನೆ: ಗೆದ್ದದ್ದು ಸವಾರನೋ, ಗಾಡಿಯೋ? ಅದೇ ಆಗಸ್ಟಿನಲ್ಲಿ ಮೋರಿಸ್ ರಿಶಾರ್ ಮಾಮೂಲಿ ಸೈಕಲ್ಲಿನಲ್ಲಿ 44.777 ಕಿ.ಮೀ. ಮಾಡಿದ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1934ರಲ್ಲಿ ಪಂದ್ಯದ ಸೈಕಲ್ ಹೇಗಿರಬೇಕೆಂದು ಅಳತೆ ಹಾಕಿ ನಿಯಮ ಮಾಡಿತು. ರಿಶಾರನ ದಾಖಲೆ ಉಳಿಯಿತು. ಮೊಶೆಯ ಗಾಡಿ ಸೈಕಲ್ಲೇ ಅಲ್ಲ ಎಂದಾಯಿತು! ಮೊಶೆ ಅದೇ ವರ್ಷ ತೀರಿಕೊಂಡ.

ಒಕ್ಕೂಟದ ವಾದವನ್ನು ತಳ್ಳಿಹಾಕುವಂತಿಲ್ಲ. ದುಡ್ಡಿದ್ದವನ ಗಾಡಿ ಗೆಲ್ಲುವುದಾದರೆ ಅದು ಕ್ರೀಡೆಯಾಗಿ ಉಳಿಯುವುದಿಲ್ಲ. ಒರಗು ಸೈಕಲ್ಲಿಗೂ ಅದರದೇ ತೊಂದರೆಗಳಿವೆ. ಏರುದಾರಿಯಲ್ಲಿ ಎದ್ದು ನಿಂತು ತುಳಿಯಲಾಗದು. ಲಾರಿ ಬಸ್ಸುಗಳ ನಡುವೆ ಅಷ್ಟು ತಗ್ಗಿನ ಗಾಡಿ ಸುಲಭವಾಗಿ ಕಣ್ಣಿಗೆ ಬೀಳದು. ಆದರೂ ಪಂದ್ಯದಲ್ಲಿ ಗೆದ್ದದ್ದನ್ನೇ ಜನ ಕೊಳ್ಳುತ್ತಾರೆ, ಜನ ಕೊಳ್ಳುವುದನ್ನೇ ಕಾರ್ಖಾನೆ ಮಾಡುತ್ತದೆ. ಆ ಒಂದು ನಿಯಮ ಇಲ್ಲದಿದ್ದರೆ ಒರಗು ಸೈಕಲ್ಲನ್ನು ಸುಧಾರಿಸಲು ಎಷ್ಟು ಬುದ್ಧಿ, ಎಷ್ಟು ಬಂಡವಾಳ ಹರಿಯುತ್ತಿತ್ತೋ! ಅಂತರ ಇಂದಿಗೆ ಎಲ್ಲಿಗೆ ಬಂದಿದೆ ನೋಡಿ: ಒಕ್ಕೂಟ ಒಪ್ಪುವ ಸೈಕಲ್ಲಿನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 2022ರಲ್ಲಿ ಗಂಟೆಗೆ 56.792 ಕಿ.ಮೀ. ಹೋದ. ಮೈಗೆಲ್ಲ ಕವಚ ಹೊದಿಸಿದ ಒರಗು ಸೈಕಲ್ಲು 2016ರಲ್ಲೇ ಒಂದು ಗಂಟೆಯಲ್ಲಿ 92 ಕಿ.ಮೀ. ದಾಟಿತ್ತು. ಎರಡಕ್ಕೂ ಎಂಜಿನ್ನು ಮನುಷ್ಯನ ಕಾಲೇ.

ಎಲ್ಲ ಭವಿಷ್ಯವಾಣಿಗಳನ್ನೂ ನಿಯಮವೇ ಕೊಂದಿತೆನ್ನಲಾಗದು. ಇನ್ನು ಮುಂದೆ ಪ್ಲಾಸ್ಟಿಕ್ಕಿನದೇ ಯುಗವೆಂದು ನಂಬಿ 1982ರಲ್ಲಿ ಸ್ವೀಡನ್ನಿನಲ್ಲಿ 'ಇಟೆರಾ' ಸೈಕಲ್ ಮಾಡಿದರು. ಅದಕ್ಕೆ ತುಕ್ಕು ಹಿಡಿಯದು, ನಿಜ. ಆದರೆ ತುಳಿದರೆ ಬಳುಕುತ್ತಿತ್ತು. ಮೂರು ವರ್ಷದಲ್ಲಿ ಕಾರ್ಖಾನೆ ಕದ ಹಾಕಿತು. ಅಲ್ಲಿ ತೀರ್ಪು ಕೊಟ್ಟವರು ಗಿರಾಕಿಗಳು.

ಬಾಗಿಲು ತೆರೆದದ್ದೂ ನಿಯಮವೇ ಎಂಬುದಕ್ಕೆ ಉದಾಹರಣೆ ಜಪಾನಿನದು. 1993ರಲ್ಲಿ ಯಮಹಾ ಕಂಪನಿ 'ಪ್ಯಾಸ್' ಎಂಬ ಗಾಡಿ ತಂದಿತು. ಸವಾರ ತುಳಿದಾಗ ಮಾತ್ರ ಮೋಟಾರು ಕೈಜೋಡಿಸುತ್ತದೆ, ಸುಮ್ಮನೆ ಕೂತರೆ ಇಲ್ಲ. ಅಲ್ಲಿನ ಕಾನೂನು ಅದನ್ನು ಸೈಕಲ್ ಎಂದೇ ಒಪ್ಪಿತು. ಲೈಸೆನ್ಸಿನ ತಾಪತ್ರಯ ಬರಲಿಲ್ಲ. ಯುರೋಪು ಕೂಡ 250 ವ್ಯಾಟ್, 25 ಕಿ.ಮೀ. ವೇಗ ಎಂದು ಗೆರೆ ಎಳೆದು ಇಂಥ ಗಾಡಿಗಳನ್ನು ಒಳಗೆ ಬಿಟ್ಟುಕೊಂಡಿತು. ಇಂದು ಅಲ್ಲಿನ ಸೈಕಲ್ ಉದ್ಯಮಕ್ಕೆ ದೊಡ್ಡ ಆಸರೆ ಇವುಗಳದೇ. ನಮ್ಮ ದೇಶದ ಮೋಟಾರು ವಾಹನ ನಿಯಮವೂ ಹೆಚ್ಚುಕಡಿಮೆ ಇದೇ ಮಿತಿಯನ್ನು ಹಾಕಿದೆ. ಅದರೊಳಗಿದ್ದರೆ ಮೋಟಾರು ಇದ್ದರೂ ಅದು ಸೈಕಲ್ಲಿನ ಸಾಲಿಗೆ. ದಾಟಿದರೆ ನಂಬರ್ ಪ್ಲೇಟು, ಲೈಸೆನ್ಸು, ವಿಮೆ.