ಗಡ, ಇಗರ್ಜಿ, ಗೇಣಿ

ಯೂರೋಪಿನ ಮಧ್ಯಯುಗದ ಚರಿತ್ರೆಯನ್ನೋದುವವರಿಗೆ ಮೂರು ಬಗೆಯ ಶಬ್ದಗಳು ಮೇಲಿಂದ ಮೇಲೆ ಎದುರಾಗುವುವು: ಕೋಟೆಯವು, ಚರ್ಚಿನವು, ಒಡೆಯ-ಒಕ್ಕಲುಗಳ ಸಂಬಂಧದವು. ಇವನ್ನು ತಿಳಿಯಲು ಕಾರವಾರ ಅಂಕೋಲೆಗಳ ನುಡಿಯೇ ನಮಗೆ ನೆರವಾಗಬಲ್ಲುದು. ಆದರೆ ಒಂದೆಡೆ ನಾವು ಎಚ್ಚರವಹಿಸಬೇಕು.

ಮೊದಲು ಕೋಟೆ. ಕಾಳೀನದಿಯ ಮುಖದಲ್ಲಿ, ಉತ್ತರದಂಡೆಯ ಗುಡ್ಡದ ಮೇಲೆ ಸೋದೆಯ ಅರಸು ಬಸವಲಿಂಗನು ಸುಮಾರು 1715ರಲ್ಲಿ ದುರ್ಗವೊಂದನ್ನು ಕಟ್ಟಿಸಿ, ತಂದೆಯ ಹೆಸರಿನಿಂದ ಅದನ್ನು ಸದಾಶಿವಗಡವೆಂದು ಕರೆದನು. ಕೋಟೆಯೆಂಬುದು ನಮ್ಮ ನುಡಿ. ಗಡವು ಮರಾಠಿಯ ನೆರೆಯದು. ಬುರುಜು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ಒಂದೇ ಗೋಡೆಯಲ್ಲಿ ಹಲವು ರಾಜ್ಯಗಳ ಮಾತು ಸೇರಿದೆ.

ಎರಡನೆಯದು ಚರ್ಚು. ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಪೋರ್ತುಗೀಸರ ವೈಸರಾಯಿ ಆಲ್ಮೇಡನು 1505ರಲ್ಲಿ ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಲಾಯಿತು. 1682ರಲ್ಲಿ ಅವರು ಮರಳಿ ಬಂದು ನೆಲೆಯೂರಿದರು. 1961ರವರೆಗೆ ದ್ವೀಪವು ಅವರದಾಗಿತ್ತು. ಪೋರ್ತುಗೀಸರ ಮಾತಿನಿಂದಲೇ ಕರಾವಳಿಗೆ ಇಗರ್ಜಿ, ಪಾದ್ರಿ ಎಂಬ ಶಬ್ದಗಳು ಬಂದವು. ಪಾದ್ರಿಯೆಂದರೆ ತಂದೆ, ಇಗರ್ಜಿಯ ಗ್ರೀಕ್ ಮೂಲಕ್ಕೆ ಸಭೆಯೆಂದರ್ಥ.

ಮೂರನೆಯದೇ ಕಠಿಣವಾದುದು. ಸೈನ್ಯವನ್ನೊದಗಿಸುವ ಕರಾರಿನ ಮೇಲೆ ವಿಜಯನಗರದರಸರು ನಾಯಕರಿಗೆ ಬಿಟ್ಟುಕೊಟ್ಟ ಸೀಮೆಗೆ ಅಮರವೆಂದು ಹೆಸರು. ಯೂರೋಪಿನ ‘ಫೀಫ್’ ಎಂಬುದಕ್ಕೆ ಇದನ್ನು ಹೋಲಿಸಬಹುದು. ಆದರೆ ಅಲ್ಲಿಯ ‘ಸರ್ಫ್’ ಎಂಬವನನ್ನು ಇಲ್ಲಿಯ ಗೇಣಿದಾರನೆಂದರೆ ತಪ್ಪಾದೀತು. ಈ ಜಿಲ್ಲೆಯಲ್ಲಿ ಗೇಣಿಯು ಎರಡು ಬಗೆಯದಾಗಿತ್ತು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ತೆತ್ತು ವಂಶಪಾರಂಪರ್ಯವಾಗಿ ಭೂಮಿಯನ್ನು ಉಳಿಸಿಕೊಳ್ಳುತ್ತಿದ್ದನು. ಚಾಲಗೇಣಿಯವನಿಗೆ ಅಂಥ ಆಧಾರವಿರಲಿಲ್ಲ. ಒಡೆಯನು ಗೇಣಿಯನ್ನು ಏರಿಸಬಹುದಿತ್ತು, ಬೇಡವೆನಿಸಿದಾಗ ಬಿಡಿಸಲೂಬಹುದಿತ್ತು. ಸರ್ಫನಿಗೆ ನೆಲವನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಚಾಲಗೇಣಿಯವನಿಗೆ ನೆಲದಲ್ಲಿ ನಿಲ್ಲುವ ಭರವಸೆಯಿರಲಿಲ್ಲ. ಒಬ್ಬನ ಸಂಕಟವು ಕಟ್ಟು, ಇನ್ನೊಬ್ಬನದು ಎತ್ತಂಗಡಿ.

ಈ ಭೇದವು ಕೇವಲ ನಿಘಂಟಿನದಲ್ಲ. ಅಂಕೋಲೆಯ ಸೀಮೆಯವರಾದ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದುದು ಈ ಅಭದ್ರತೆಯನ್ನು ಕಳೆಯುವುದಕ್ಕಾಗಿಯೇ. ಅದಕ್ಕಾಗಿ ಅವರು ಜಿಲ್ಲೆಯಿಂದ ಗಡೀಪಾರೂ ಆದರು. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆಯ ಕಾಯಿದೆಯು ಗೇಣಿಯ ಭೂಮಿಗಳನ್ನು ಸರ್ಕಾರದ ಸ್ವಾಧೀನಕ್ಕೆ ತಂದು, ಸಾಗುವಳಿ ಮಾಡುತ್ತಿದ್ದವರಿಗೆ ಅಧಿಭೋಗದ ಹಕ್ಕನ್ನು ಬೇಡುವ ದಾರಿ ತೆರೆಯಿತು. ನ್ಯಾಯಮಂಡಳಿಯ ಮುಂದೆ ಒಕ್ಕಲು ಹಿಡಿದು ನಿಂತ ಹಳೆಯ ಗೇಣಿಚೀಟಿಯನ್ನು ಓದಬೇಕಾದರೆ ಈ ಶಬ್ದಗಳ ನಿಜವಾದ ಅರ್ಥವನ್ನು ನಾವು ತಿಳಿದಿರತಕ್ಕದ್ದು.