ಎಲೆಯ ಹೆಸರಿನ ಮಾತ್ರೆ

ನಾನು ಬಸುರಿಯಾಗಿದ್ದಾಗ ಡಾಕ್ಟರು ಮೊದಲ ಭೇಟಿಯಲ್ಲೇ ಬರೆದುಕೊಟ್ಟದ್ದು ಫೋಲಿಕ್ ಆಸಿಡ್ ಮಾತ್ರೆ. ಫೋನಿನಲ್ಲಿ ಹೇಳಿದರೆ ಅಮ್ಮ, "ಮಾತ್ರೆ ತಗೋ, ಆದ್ರೆ ಸೊಪ್ಪು ತಿನ್ನೋದು ಬಿಡಬೇಡ" ಅಂದಳು. ಇಬ್ಬರೂ ಹೇಳಿದ್ದು ಒಂದೇ ಮಾತು ಎಂದು ತಿಳಿದದ್ದು ಆಮೇಲೆ. ಫೋಲಿಯಂ ಎಂದರೆ ಲ್ಯಾಟಿನ್ನಿನಲ್ಲಿ ಎಲೆ. ಆ ಮಾತ್ರೆಯ ಕಥೆ ಶುರುವಾಗುವುದು ನಾನು ದಿನಾ ಲೋಕಲ್ ಟ್ರೇನಿನಲ್ಲಿ ದಾಟಿಹೋಗುವ ಪರೇಲ್‌ನಲ್ಲಿ!

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರು ತೀವ್ರ ರಕ್ತಹೀನತೆಗೆ ಬಲಿಯಾಗುತ್ತಿದ್ದ ಕಾಲವದು. ಕಬ್ಬಿಣದ ಅಂಶ ಕಡಿಮೆಯಾದರೆ ರಕ್ತದ ಕೆಂಪು ಕಣಗಳು ಚಿಕ್ಕದಾಗುತ್ತವೆ. ಈ ಹೆಂಗಸರಲ್ಲಿ ಅವು ಅಸಹಜವಾಗಿ ದೊಡ್ಡದಾಗಿದ್ದವು. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಕುಳಿತು ವಿಲ್ಸ್ ಸೋಂಕಿಗಾಗಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಅವರು ನೋಡಿದ್ದು ಊಟದ ತಟ್ಟೆಯನ್ನು. ಬಡ ಹೆಂಗಸರ ಊಟದಲ್ಲೇ ಏನೋ ಕೊರತೆಯಿತ್ತು. ಇಲಿ, ಮಂಗಗಳಿಗೂ ಅದೇ ಬಗೆಯ ಊಟ ಕೊಟ್ಟು ನೋಡಿದರು. ಕೂನೂರಿನಲ್ಲೂ ಕೆಲಸ ಮುಂದುವರಿಸಿದರು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. 1931ರಲ್ಲಿ ಇದನ್ನು ಪ್ರಕಟಿಸಿದರು. ಒಳಗಿದ್ದ ವಸ್ತು ಯಾವುದೆಂದು ಗೊತ್ತಿರಲಿಲ್ಲವಾದ್ದರಿಂದ ಅದಕ್ಕೆ "ವಿಲ್ಸ್ ಫ್ಯಾಕ್ಟರ್" ಎಂಬ ಹೆಸರಾಯಿತು.

ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ಎಂಬ ಮೂವರು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದಿಷ್ಟು ಆಮ್ಲ ತೆಗೆದರು. ನಾಲ್ಕು ಟನ್! ಒಂದು ಕಟ್ಟು ಸೊಪ್ಪು ಸೋಸುವಷ್ಟರಲ್ಲೇ ನಮಗೆ ಸಾಕಾಗುತ್ತದೆ. ಎಲೆಯಿಂದ ಬಂದದ್ದಕ್ಕೆ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ್ದು 1945ರಲ್ಲಿ, ಅಮೆರಿಕದ ಲೆಡರ್ಲೆ ಕಂಪನಿಯ ತಂಡ. ಅದರ ಸಂಶೋಧನೆಯ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿ ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಮಾತ್ರೆ ಇಷ್ಟು ಅಗ್ಗವಾಗಲು ದಾರಿಯಾದದ್ದು ಅದೇ.

ಹಾಗಾದರೆ ಸೊಪ್ಪೇ ಸಾಲದೇ? ಬಸುರಿಯರಿಗೆ ಸಾಲದು. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನಳಿಕೆ ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ಬಸುರಿಯೆಂದೇ ಗೊತ್ತಿರುವುದಿಲ್ಲ. ಮೊದಲೊಮ್ಮೆ ಇಂಥ ದೋಷವಿರುವ ಮಗುವನ್ನು ಹೊತ್ತ ತಾಯಂದಿರಲ್ಲಿ, ಈ ಮಾತ್ರೆ ಅದು ಮರುಕಳಿಸುವುದನ್ನು ಶೇ. 72ರಷ್ಟು ತಪ್ಪಿಸಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ನಮ್ಮಲ್ಲಿ ಮದುವೆಯಾದ ಹುಡುಗಿಗೆ "ವಿಶೇಷ ಏನಾದ್ರೂ ಉಂಟಾ?" ಎಂದು ಕೇಳುವವರು ಬಹಳ, ಆ ಮೊದಲೇ ಮಾತ್ರೆ ಶುರುಮಾಡು ಎನ್ನುವವರು ಕಡಿಮೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ದಂಟಿನ ಸೊಪ್ಪಿಗೆ 149, ಪಾಲಕ್‌ಗೆ 123, ಕರಿಬೇವಿಗೆ ಸುಮಾರು 94 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಲೆಕ್ಕವಿದೆ. ತಟ್ಟೆಯ ಅಂಚಿಗೆ ಸರಿಸುವ ಕರಿಬೇವಿನಲ್ಲೂ ಅಷ್ಟು! ಆದರೆ ಇದು ಹಸಿ ಸೊಪ್ಪಿನ ಲೆಕ್ಕ. ಬೇಯಿಸಿದಾಗ ಸ್ವಲ್ಪ ನಾಶವಾಗುತ್ತದೆ, ಸ್ವಲ್ಪ ನೀರಿಗೆ ಇಳಿಯುತ್ತದೆ. ಆಫೀಸಿನ ಗಡಿಬಿಡಿಯಲ್ಲಿ ನಾನು ಆ ನೀರನ್ನು ಸಿಂಕಿಗೆ ಚೆಲ್ಲುತ್ತಿದ್ದೆ. ಅಮ್ಮ ಚೆಲ್ಲಿದ್ದನ್ನು ನೋಡಿಯೇ ಇಲ್ಲ. ಸೊಪ್ಪು, ಕಾಳು ಬೆಂದ ಮೇಲೆ ಕಟ್ಟನ್ನು ಬಸಿದು, ಖಾರ ರುಬ್ಬಿ ಹಾಕಿ ಬಸ್ಸಾರು ಮಾಡುತ್ತಾಳೆ, ಬಸಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ.